ಪೆನೆಡೊ: ಅತಿಥಿಗಳಿಗೆ ತೆರೆದುಕೊಂಡ ಊಟದ ಮನೆ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಿಂದ ಸಾವೊ ಪಾಲೊ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 170 ಕಿಲೋಮೀಟರ್ ಸಾಗಿ, ಬಲಗಡೆಗೆ ಬೆಟ್ಟದತ್ತ ತಿರುಗಿದರೆ ಪೆನೆಡೊ ಎಂಬ ಊರು ಸಿಗುತ್ತದೆ. ಪೋರ್ಚುಗೀಸ್ ಭಾಷೆಯಲ್ಲಿ ಪೆನೆಡೊ ಎಂದರೆ ಹೆಬ್ಬಂಡೆ. ಊರಿನ ಬೆನ್ನಿಗೆ ಮಂಟಿಕೇರಾ ಪರ್ವತಶ್ರೇಣಿ ನಿಂತಿದೆ. ಅದರ ಈ ಭಾಗದ ಅತಿ ಎತ್ತರದ ಶಿಖರವಾದ ಅಗುಲ್ಯಾಸ್ ನೇಗ್ರಾಸ್ 2,791 ಮೀಟರ್ ಎತ್ತರವಿದೆ. 1937ರಲ್ಲಿ ಘೋಷಣೆಯಾದ ಇಟಾಟಿಯಾಯಾ, ಬ್ರೆಜಿಲ್‌ನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ, ಊರಿನ ಪಕ್ಕದಲ್ಲೇ ಇದೆ. ಕಾಡಿನಿಂದ ಇಳಿದು ಬರುವ ಹೊಳೆಗಳು, ಜಲಪಾತಗಳು, ಬೇಸಿಗೆಯಲ್ಲಿ ಸುರಿಯುವ ಮಳೆ, ಇಷ್ಟನ್ನು ನೋಡಿದರೆ ಇದು ಉಷ್ಣವಲಯದ ಯಾವುದೇ ಬೆಟ್ಟದೂರಿನಂತೆಯೇ ಕಾಣುತ್ತದೆ. ಆದರೆ ಊರಿನೊಳಗೆ ಇಳಿಜಾರು ಮಾಡಿನ ಬಣ್ಣಬಣ್ಣದ ಮರದ ಮನೆಗಳಿವೆ, ಫಲಕಗಳ ಮೇಲೆ ಫಿನ್ನಿಷ್ ಹೆಸರುಗಳಿವೆ, ಹಬೆಸ್ನಾನದ ಸೌನಾಗಳಿವೆ.

ಫಿನ್‌ಲ್ಯಾಂಡಿನ ಒಂದು ಸಣ್ಣ ಗುಂಪು 1929ರಲ್ಲಿ ಇಲ್ಲಿ ನೆಲೆ ಹೂಡಿದ್ದು ಪ್ರವಾಸಿಗಳಿಗಾಗಿ ಅಲ್ಲ. ಮಾಂಸ, ಮದ್ಯ, ತಂಬಾಕು, ಕಾಫಿ ಇವುಗಳನ್ನೆಲ್ಲ ತೊರೆದು, ಸ್ವಂತ ಕೈಯಿಂದ ಮಣ್ಣನ್ನು ದುಡಿದು, ತಮಗೆ ಸರಿಯೆನಿಸಿದ ಹೊಸ ಸಮಾಜವೊಂದನ್ನು ಕಟ್ಟುವುದು ಅವರ ಸಂಕಲ್ಪವಾಗಿತ್ತು. ಆ ಸಂಕಲ್ಪ ಈಡೇರಲಿಲ್ಲ. ಆದರೂ ಊರು ಉಳಿಯಿತು, ಮತ್ತು ಫಿನ್ನಿಷ್ ಊರಾಗಿಯೇ ಉಳಿಯಿತು. ಇದನ್ನು ಸಾಮಾನ್ಯವಾಗಿ "ಆದರ್ಶ ಸೋತಿತು, ಪ್ರವಾಸೋದ್ಯಮ ಕಾಪಾಡಿತು" ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸುವುದುಂಟು. ನನ್ನ ದೃಷ್ಟಿಯಲ್ಲಿ ಆ ವಿವರಣೆ ಅರ್ಧ ಮಾತ್ರ ಸತ್ಯ. ಅತಿಥಿಗಳು ಬಂದಾಗ ಅವರನ್ನು ಬರಮಾಡಿಕೊಳ್ಳಲು ಈ ಜನರ ಬಳಿ ಏನಿತ್ತು, ಅದು ಎಲ್ಲಿಂದ ಬಂದಿತ್ತು ಎಂಬುದನ್ನು ಬಿಡಿಸಿ ನೋಡಿದರೆ, ಸೋತಿತು ಎನ್ನುವ ಪ್ರಯೋಗದ ಒಳಗಿನಿಂದಲೇ ಉಳಿವಿನ ದಾರಿ ಮೂಡಿದ್ದು ಕಾಣುತ್ತದೆ.

ಹೊರಟವರು

ಫಿನ್‌ಲ್ಯಾಂಡ್ ಸ್ವತಂತ್ರವಾದದ್ದು 1917ರ ಡಿಸೆಂಬರ್ 6ರಂದು. ಮರುವರ್ಷವೇ ಬಿಳಿಯರು (ಸರ್ಕಾರದ ಪರ ನಿಂತ ಸಂಪ್ರದಾಯವಾದಿಗಳು) ಮತ್ತು ಕೆಂಪರು (ಸಮಾಜವಾದಿಗಳು) ಎಂದು ದೇಶ ಇಬ್ಭಾಗವಾಗಿ ಅಂತರ್ಯುದ್ಧ ನಡೆಯಿತು. ಕದನದಲ್ಲಿ, ಪ್ರತೀಕಾರದ ಕೊಲೆಗಳಲ್ಲಿ ಮತ್ತು ಸೆರೆಶಿಬಿರಗಳ ಹಸಿವು-ರೋಗಗಳಲ್ಲಿ 35,000ಕ್ಕೂ ಹೆಚ್ಚು ಜನ ಸತ್ತರು. ಒಂದೇ ಊರಿನ ನೆರೆಹೊರೆಯವರು ಪರಸ್ಪರ ವೈರಿಗಳಾಗಿದ್ದ ಆ ನೆನಪು 1920ರ ದಶಕದುದ್ದಕ್ಕೂ ಹಸಿಯಾಗಿತ್ತು. 1919ರಿಂದ 1932ರವರೆಗೆ ದೇಶದಲ್ಲಿ ಪಾನನಿಷೇಧ ಜಾರಿಯಲ್ಲಿತ್ತು, ಕಳ್ಳಸಾಗಣೆಯೂ ಅಷ್ಟೇ ಜೋರಾಗಿತ್ತು. ಬದುಕನ್ನು ಬುಡದಿಂದಲೇ ಶುದ್ಧಗೊಳಿಸಬೇಕು ಎಂಬ ಮಾತಿಗೆ ಕಿವಿಗೊಡುವ ಜನ ಅಲ್ಲಿ ಸಾಕಷ್ಟಿದ್ದರು.

ಅದಕ್ಕೂ ಮುಂಚೆ, ಮೊದಲ ಮಹಾಯುದ್ಧದವರೆಗಿನ ಅರ್ಧ ಶತಮಾನದಲ್ಲಿ, ಮೂರು ಲಕ್ಷಕ್ಕೂ ಹೆಚ್ಚು ಫಿನ್ನಿಷ್ ಜನ ಉತ್ತರ ಅಮೆರಿಕಕ್ಕೆ ವಲಸೆ ಹೋಗಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನ 1921ರಲ್ಲಿ, ಮತ್ತೆ 1924ರಲ್ಲಿ ವಲಸೆಗೆ ಮಿತಿ ಹಾಕಿದ ಮೇಲೆ ಆ ಬಾಗಿಲು ಬಹುತೇಕ ಮುಚ್ಚಿತು. ಹೊರಡಬೇಕೆನ್ನುವವರ ನೋಟ ದಕ್ಷಿಣ ಅಮೆರಿಕದ ಕಡೆಗೆ ಹೊರಳಿತು. ಆದರ್ಶ ಸಮಾಜ ಕಟ್ಟಲು ಹಡಗು ಹತ್ತಿದವರು ಇವರೇ ಮೊದಲಿಗರಲ್ಲ. ಕೆನಡಾದ ಪಶ್ಚಿಮ ತೀರದ ಮ್ಯಾಲ್ಕಂ ದ್ವೀಪದಲ್ಲಿ ಮಾಟ್ಟಿ ಕುರಿಕ್ಕಾ ಅವರ ಮುಂದಾಳ್ತನದಲ್ಲಿ 1901ರಲ್ಲಿ ಸೊಯಿಂತುಲಾ ಆರಂಭವಾಗಿತ್ತು. ಅರ್ಜೆಂಟೀನಾದ ಮಿಸಿಯೋನೆಸ್ ಪ್ರಾಂತ್ಯದಲ್ಲಿ ಆರ್ತುರ್ ಥೆಸ್ಲೆಫ್ 1906ರಲ್ಲಿ ಇನ್ನೊಂದು ನೆಲೆಯನ್ನು ಕಟ್ಟಿದ್ದರು. ಫಿನ್ನಿಷ್ ವಲಸೆಯ ಚರಿತ್ರೆಯಲ್ಲಿ ಕೂಲಿಗಾಗಿ ಹೋದವರ ದೊಡ್ಡ ಪ್ರವಾಹದ ಪಕ್ಕದಲ್ಲಿ ಈ ಸಣ್ಣ ತೊರೆಯೂ ಮೊದಲಿನಿಂದ ಹರಿದಿದೆ.

ಪೆನೆಡೊದ ನಾಯಕ ಟೊಯ್ವೊ ಊಸ್ಕಾಲ್ಲಿಯೊ. 1891ರಲ್ಲಿ ಹುಟ್ಟಿದ ಅವರು ವೃತ್ತಿಯಿಂದ ತೋಟಗಾರಿಕೆಯವರು. ಟೊಯ್ವೊ ಎಂಬ ಹೆಸರಿಗೆ ಫಿನ್ನಿಷ್‌ನಲ್ಲಿ ಭರವಸೆ ಎಂಬ ಅರ್ಥವಿದೆ. ದಕ್ಷಿಣಕ್ಕೆ ಹೋಗಬೇಕೆಂಬುದು ತಮಗೆ ಬಂದ ದೈವೀ ಕರೆ ಎಂದು ಅವರು ನಂಬಿದ್ದರು. ವರ್ಷದ ಬಹುಪಾಲು ಹಿಮ ಹೊದ್ದ ನಾಡಿನಲ್ಲಿ ಮನುಷ್ಯ ಪ್ರಕೃತಿಯ ವಿರುದ್ಧ ಹೋರಾಡುತ್ತಲೇ ಸವೆಯುತ್ತಾನೆ. ಹಣ್ಣು-ತರಕಾರಿಗಳು ಸದಾ ಬೆಳೆಯುವ ಬೆಚ್ಚನೆಯ ನೆಲದಲ್ಲಿ ಮಾತ್ರ ಅವನು ಯಾವ ಜೀವಕ್ಕೂ ನೋವು ಕೊಡದೆ, ಆರೋಗ್ಯವಾಗಿ, ಸರಳವಾಗಿ ಬಾಳಬಲ್ಲ ಎಂಬುದು ಅವರ ವಿಚಾರದ ತಿರುಳು. 1927ರಲ್ಲಿ ಅವರು ಪತ್ನಿ ಲೀಸಾ ಮತ್ತು ಕೆಲವೇ ಸಂಗಾತಿಗಳೊಂದಿಗೆ ಬ್ರೆಜಿಲ್‌ಗೆ ಬಂದರು. ಇಲ್ಲಿ ಜಾಗ ಹುಡುಕುತ್ತಿರುವಾಗಲೇ ಅಲ್ಲಿ ಫಿನ್‌ಲ್ಯಾಂಡಿನಲ್ಲಿ ಬರಲೊಪ್ಪಿದವರಿಂದ ಹಣ ಸಂಗ್ರಹವಾಗುತ್ತಿತ್ತು. 1929ರ ಆರಂಭದಲ್ಲಿ ಫಜೆಂಡಾ ಪೆನೆಡೊ ಎಂಬ ಹಳೆಯ ಎಸ್ಟೇಟನ್ನು ಕೊಂಡರು. ಮುಂದಿನ ಕೆಲವು ವರ್ಷಗಳಲ್ಲಿ ಕುಟುಂಬಗಳೂ ಒಂಟಿಯವರೂ ಗುಂಪುಗುಂಪಾಗಿ ಬಂದು ಸೇರಿಕೊಂಡರು. ಬಂದವರಲ್ಲಿ ರೈತರಷ್ಟೇ ಅಲ್ಲ, ಪಟ್ಟಣದವರು, ಓದಿದವರು, ನೇಗಿಲ ಪರಿಚಯವೇ ಇಲ್ಲದವರೂ ಇದ್ದರು.

ಕೊಂಡ ನೆಲ ಎಂಥದು

ಈ ಪ್ರಕರಣದ ಬೀಗದ ಕೈ ಇರುವುದು ನೆಲದ ಚರಿತ್ರೆಯಲ್ಲಿ ಎಂದು ನನಗೆ ತೋರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಪರಾಯಿಬಾ ನದಿಯ ಈ ಕಣಿವೆ ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೆಜಿಲ್‌ನ ಕಾಫಿಯ ತವರಾಗಿತ್ತು. ಪೆನೆಡೊ ಆಗ ಸೇರಿದ್ದ ರೆಜೆಂಡೆ ತಾಲ್ಲೂಕು ಆ ಬೆಳೆ ಮೊದಲು ಬೇರೂರಿದ ಜಾಗಗಳಲ್ಲಿ ಒಂದು. ಕನ್ನಡದ ಓದುಗರಿಗೆ ಕಾಫಿ ತೋಟ ಎಂದೊಡನೆ ಕೊಡಗು-ಚಿಕ್ಕಮಗಳೂರಿನ ಚಿತ್ರ ಕಣ್ಮುಂದೆ ಬರುತ್ತದೆ: ಅತ್ತಿ, ಹಲಸು, ಸಿಲ್ವರ್ ಓಕ್ ಮರಗಳ ನೆರಳು, ಅದರಡಿಯಲ್ಲಿ ಕಾಫಿ ಗಿಡ, ಗಿಡದ ಬುಡದಲ್ಲಿ ತರಗೆಲೆಯ ಹೊದಿಕೆ. ಪರಾಯಿಬಾ ಕಣಿವೆಯ ಕ್ರಮ ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು. ಅಲ್ಲಿ ಗುಡ್ಡದ ಕಾಡನ್ನು ಕಡಿದು ಸುಟ್ಟು, ಬಯಲು ಬಿಸಿಲಿನಲ್ಲಿ, ಇಳಿಜಾರಿನ ಮೇಲಿನಿಂದ ಕೆಳಕ್ಕೆ ನೇರ ಸಾಲುಗಳಲ್ಲಿ ಗಿಡ ನೆಡುತ್ತಿದ್ದರು. ಹಾಗೆ ನೆಟ್ಟರೆ ಸಾಲಿನ ನಡುವೆ ದುಡಿಯುವ ಗುಲಾಮರ ಮೇಲೆ ಮೇಸ್ತ್ರಿಗೆ ಕಣ್ಣಿಡುವುದು ಸುಲಭ. ಆದರೆ ಪ್ರತಿ ಮಳೆಗೂ ಅದೇ ಸಾಲಿನಗುಂಟ ಮೇಲ್ಮಣ್ಣು ಕೊಚ್ಚಿ ಹೊಳೆ ಸೇರುತ್ತದೆ. ಒಂದು ಗುಡ್ಡ ಬರಡಾದರೆ ಮುಂದಿನ ಗುಡ್ಡದ ಕಾಡು ಕಡಿಯುವುದೇ ಅಲ್ಲಿನ ಕೃಷಿ ಪದ್ಧತಿಯಾಗಿತ್ತು. 1888ರ ಮೇ 13ರಂದು ಗುಲಾಮಗಿರಿ ರದ್ದಾಗುವ ಹೊತ್ತಿಗೆ ಈ ಕಣಿವೆಯ ಮಣ್ಣು ಸೋತು, ಕಾಫಿ ಸಾವೊ ಪಾಲೊದ ಹೊಸ ನೆಲಗಳಿಗೆ ವಲಸೆ ಹೋಗಿತ್ತು. ಉಳಿದದ್ದು ಹುಲ್ಲು ಬೆಳೆದ ಬೋಳುಗುಡ್ಡ, ಒಂದಷ್ಟು ದನ, ಮತ್ತು ವೈಭವದ ಕಾಲದ ದೊಡ್ಡ ಮನೆಗಳು.

ಫಿನ್ನಿಷ್ ಗುಂಪು ಕೊಂಡದ್ದು ಇಂಥ ನೆಲವನ್ನು. ಕಾಡಿನ ಹಸಿರು, ಹೊಳೆಯ ನೀರು, ಉತ್ತರದವರ ಮೈಗೆ ಹಿತವಾದ ತಂಪು, ದೊಡ್ಡದೊಂದು ಮನೆ, ಕೈಗೆಟಕುವ ಬೆಲೆ. ನೋಡಿದವರಿಗೆ ಇವೆಲ್ಲ ಕಂಡವು. ಕಾಣದೆ ಉಳಿದದ್ದು ಮಣ್ಣಿನೊಳಗಿನ ಬಡತನ. ಉಷ್ಣವಲಯದ ದಟ್ಟ ಹಸಿರನ್ನು ಕಂಡು ನೆಲ ಫಲವತ್ತಾಗಿರಬೇಕೆಂದು ಎಣಿಸುವುದು ಹಿಮನಾಡಿನಿಂದ ಬಂದವರಿಗೆ ಸಹಜವಾದ ತಪ್ಪು. ಅಲ್ಲಿ ಸತ್ವ ಇರುವುದು ಬಹುಪಾಲು ಮರಗಿಡಗಳಲ್ಲಿ ಮತ್ತು ನೆಲದ ಮೇಲಿನ ತೆಳುವಾದ ತರಗೆಲೆಯ ಪದರದಲ್ಲಿ, ಅದು ಒಮ್ಮೆ ಹೋದರೆ ಕೆಳಗಿನ ಕೆಂಪು ಮಣ್ಣು ಕೊಡುವುದು ಬಹಳ ಕಡಿಮೆ.

ಇದರ ಮೇಲೆ ಸೌವಾ ಇರುವೆಯ ಕಾಟ. ಎಲೆ ಕತ್ತರಿಸುವ ಈ ಇರುವೆಗಳ ಒಂದು ಬಲಿತ ಗೂಡಿನಲ್ಲಿ ಲಕ್ಷಗಟ್ಟಲೆ ಇರುವೆಗಳಿರುತ್ತವೆ. ಗೂಡಿನ ಕೋಣೆಗಳು ನೆಲದೊಳಗೆ ಹಲವು ಮೀಟರ್ ಆಳಕ್ಕೆ ಇಳಿಯುತ್ತವೆ. ಇವು ಎಲೆಯನ್ನು ತಿನ್ನುವುದಿಲ್ಲ. ಎಲೆಯನ್ನು ಅರ್ಧಚಂದ್ರದಾಕಾರದಲ್ಲಿ ಕತ್ತರಿಸಿ, ತಲೆಯ ಮೇಲೆ ಎತ್ತಿ ಹಿಡಿದು, ಸಾಲುಗಟ್ಟಿ ಹೊತ್ತೊಯ್ದು, ಗೂಡಿನೊಳಗೆ ಅದರ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿ ಉಣ್ಣುತ್ತವೆ. ಕಿತ್ತಳೆಯ ಚಿಗುರು ಅವಕ್ಕೆ ಬಲು ಇಷ್ಟ. ಸಂಜೆ ಎಲೆ ತುಂಬಿ ನಿಂತ ಸಸಿ ಬೆಳಗಾಗುವಷ್ಟರಲ್ಲಿ ಬರಿಯ ಕಡ್ಡಿಯಾಗಿರುತ್ತದೆ. "ಬ್ರೆಜಿಲ್ ಸೌವಾವನ್ನು ಮುಗಿಸಬೇಕು, ಇಲ್ಲವಾದರೆ ಸೌವಾ ಬ್ರೆಜಿಲನ್ನೇ ಮುಗಿಸುತ್ತದೆ" ಎಂಬ ಮಾತು ಆ ದೇಶದಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಹಣ್ಣಿನ ತೋಟದ ಮೇಲೆಯೇ ಬದುಕಿನ ಕನಸು ಕಟ್ಟಿಕೊಂಡವರಿಗೆ ಇದಕ್ಕಿಂತ ಕಠಿಣನಾದ ನೆರೆಯವನು ಸಿಗಲಾರ.

ಅವರು ಕೈಚೆಲ್ಲಿ ಕೂರಲಿಲ್ಲ. ತೋಟಗಾರಿಕೆ ಊಸ್ಕಾಲ್ಲಿಯೊ ಅವರ ಕೈಕಸುಬಾಗಿದ್ದರಿಂದ ಕಿತ್ತಳೆ ಸಸಿಗಳನ್ನು ಬೆಳೆಸಿ ಮಾರುವ ದಾರಿ ಹಿಡಿದರು. 1930ರ ದಶಕದಲ್ಲಿ ರಿಯೊ ಸುತ್ತಲಿನ ತಗ್ಗುನೆಲದಲ್ಲಿ ಯೂರೋಪಿಗೆ ಕಿತ್ತಳೆ ರಫ್ತು ಭರಾಟೆಯಿಂದ ನಡೆಯುತ್ತಿದ್ದುದರಿಂದ ಸಸಿಗಳಿಗೆ ಗಿರಾಕಿಗಳಿದ್ದರು. ಎರಡನೆಯ ಮಹಾಯುದ್ಧ ಬಂದು ಹಡಗುಗಳು ನಿಂತಾಗ ಆ ಕಿತ್ತಳೆ ವ್ಯವಹಾರವೂ ಕುಸಿಯಿತು.

ನಿಯಮವೂ ಊಟದ ಮೇಜೂ

ಮೊದಲ ವರ್ಷಗಳಲ್ಲಿ ಬಂದವರೆಲ್ಲ ಎಸ್ಟೇಟಿನ ಹಳೆಯ ದೊಡ್ಡ ಮನೆಯಲ್ಲಿ ಒಟ್ಟಾಗಿ ಇದ್ದರು. ಅಡುಗೆ ಒಂದೇ ಕಡೆ, ಊಟ ಒಂದೇ ಕಡೆ. ಮೇಜಿನ ಮೇಲೆ ಮಾಂಸವಿಲ್ಲ, ಮದ್ಯವಿಲ್ಲ, ಕಾಫಿಯೂ ಇಲ್ಲ. ಈ ಕೊನೆಯ ನಿಷೇಧದ ಭಾರ ಎಷ್ಟೆಂದು ತಿಳಿಯಬೇಕಾದರೆ, ತಲೆಗೆ ಲೆಕ್ಕ ಹಾಕಿದರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಫಿನ್‌ಲ್ಯಾಂಡಿನವರು ಮೊದಲು ನಿಲ್ಲುತ್ತಾರೆ ಎಂಬುದನ್ನು ನೆನೆಯಬೇಕು. ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದು ಅಲ್ಲಿ ನಮ್ಮಲ್ಲಿರುವಷ್ಟೇ ಅಗೌರವ. ಅಂಥ ಜನ, ಕಾಫಿಯಿಂದಲೇ ಕಟ್ಟಿದ ಮನೆಯಲ್ಲಿ, ಕಾಫಿ ಕುಡಿಯುವುದೇ ಸೌಜನ್ಯವೆನಿಸಿದ ದೇಶದಲ್ಲಿ ಕುಳಿತು ಅದನ್ನು ತೊರೆದಿದ್ದರು. ಅವರ ಶ್ರದ್ಧೆ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಶ್ರದ್ಧೆ ಎಲ್ಲರಲ್ಲಿ ಒಂದೇ ಅಳತೆಯಲ್ಲಿರುವುದಿಲ್ಲ. ದಿನವಿಡೀ ಅಗೆದು, ಕಳೆ ಕಿತ್ತು, ಕಲ್ಲು ಹೊತ್ತು ಬಂದವರಿಗೆ ಸಪ್ಪೆಯೂಟ ಸಾಕಾಗದು. ಮಕ್ಕಳಿರುವ ಮನೆಯವರಿಗೆ ತಮ್ಮದೇ ಒಲೆ, ತಮ್ಮದೇ ಬಾಗಿಲು ಬೇಕೆನಿಸುವುದು ಸಹಜ. ದುಡ್ಡು ಬಂದದ್ದು ಹಲವರಿಂದ, ಆದರೆ ನಿರ್ಧಾರದ ಕೀಲಿ ಬಹುಮಟ್ಟಿಗೆ ಒಬ್ಬರ ಕೈಯಲ್ಲಿತ್ತು. ಒಂದು ನೆಲೆಯಲ್ಲಿ ನಾಯಕನ ಮಾತು ದೈವೀ ಕರೆಯಿಂದ ಬಲ ಪಡೆದಾಗ, ಲೆಕ್ಕ ಕೇಳುವುದು ಅವಿಶ್ವಾಸದಂತೆ ಕಾಣತೊಡಗುತ್ತದೆ. ಇದನ್ನು ನಾನು ಊಸ್ಕಾಲ್ಲಿಯೊ ಅವರ ಪ್ರಾಮಾಣಿಕತೆಯ ಮೇಲಿನ ಆಕ್ಷೇಪವಾಗಿ ಹೇಳುತ್ತಿಲ್ಲ. ಅಂಥ ವ್ಯವಸ್ಥೆಯಲ್ಲಿ ಬೆಳೆ ಚೆನ್ನಾಗಿ ಬಂದರೆ ಯಾರೂ ಪ್ರಶ್ನಿಸುವುದಿಲ್ಲ, ಬೆಳೆ ಕೈಕೊಟ್ಟರೆ ಪ್ರಶ್ನೆಗಳೆಲ್ಲ ಒಟ್ಟಿಗೆ ಏಳುತ್ತವೆ ಎಂಬುದಷ್ಟೇ ನನ್ನ ಮಾತು. ಕ್ರಮೇಣ ಕೆಲವರು ನಗರಗಳಿಗೆ ಹೋದರು, ಕೆಲವರು ಫಿನ್‌ಲ್ಯಾಂಡಿಗೆ ಹಿಂದಿರುಗಿದರು, ಉಳಿದವರು ಬೇರೆ ಬೇರೆ ಮನೆ ಕಟ್ಟಿಕೊಂಡರು. ಒಟ್ಟಿನ ಬದುಕಿನ ಕಟ್ಟುಪಾಡು ಸಡಿಲವಾಯಿತು. 1942ರಲ್ಲಿ ಎಸ್ಟೇಟಿನ ಬಹುಭಾಗ ಸ್ವಿಸ್ ಕಂಪನಿಯೊಂದಕ್ಕೆ ಮಾರಾಟವಾಗುವುದರೊಂದಿಗೆ ಮೂಲ ಯೋಜನೆಯ ಆರ್ಥಿಕ ಅಧ್ಯಾಯ ಮುಗಿಯಿತು.

ಅತಿಥಿಗಳು

ಮಾರಾಟಕ್ಕೂ ಮುಂಚೆಯೇ ಇನ್ನೊಂದು ವ್ಯವಹಾರ ಸದ್ದಿಲ್ಲದೆ ಶುರುವಾಗಿತ್ತು. ರಿಯೊ ಮತ್ತು ಸಾವೊ ಪಾಲೊ ನಗರಗಳಲ್ಲಿದ್ದ ಯೂರೋಪಿಯನ್ನರು, ಅವರ ಹಿಂದೆಯೇ ಬ್ರೆಜಿಲ್‌ನ ಅನುಕೂಲವಂತ ಕುಟುಂಬಗಳು, ಬೇಸಿಗೆಯ ಸೆಖೆ ತಾಳಲಾರದೆ ತಂಪಾದ ಜಾಗಗಳನ್ನು ಅರಸಿ ಬರುತ್ತಿದ್ದರು. ಪೆನೆಡೊ ಎರಡು ಮಹಾನಗರಗಳ ನಡುವಿನ ದಾರಿಯಲ್ಲೇ ಇತ್ತು. ಕೋಣೆಗಳಿದ್ದ ಫಿನ್ನಿಷ್ ಮನೆಗಳು ದುಡ್ಡು ಕೊಟ್ಟು ಉಳಿಯುವ ಅತಿಥಿಗಳನ್ನು ಇಟ್ಟುಕೊಳ್ಳತೊಡಗಿದವು. ಇಂದು ಕೊಡಗಿನ ತೋಟದ ಮನೆಗಳಲ್ಲಿ ನಾವು ಹೋಂಸ್ಟೇ ಎನ್ನುವ ಕ್ರಮ ಅಲ್ಲಿ ಎಂಟು ದಶಕಗಳ ಹಿಂದೆ ಹೊಟ್ಟೆಪಾಡಿನ ದಾರಿಯಾಗಿ ರೂಪುಗೊಂಡಿತು.

ನನ್ನ ಮುಖ್ಯ ವಾದ ಇಲ್ಲಿದೆ. ಅತಿಥಿಗೃಹ ನಡೆಸಲು ಏನು ಬೇಕು? ಹತ್ತಾರು ಜನಕ್ಕೆ ಹೊತ್ತಿಗೆ ಸರಿಯಾಗಿ ಅಡುಗೆ ಮಾಡುವ ಅಭ್ಯಾಸ ಬೇಕು. ಅಪರಿಚಿತರೊಂದಿಗೆ ಒಂದೇ ಮೇಜಿನಲ್ಲಿ ಕುಳಿತು ಉಣ್ಣುವ ಸಮಾಧಾನ ಬೇಕು. ಹಾಸಿಗೆ, ಬಟ್ಟೆ, ನೀರು, ಸೌದೆಗಳ ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳುವ ಶಿಸ್ತು ಬೇಕು. ತೋಟದ ತರಕಾರಿ, ಮನೆಯಲ್ಲೇ ಸುಟ್ಟ ರೊಟ್ಟಿ, ಸಂಜೆ ಎಲ್ಲರೂ ಸೇರುವ ಒಂದು ಜಾಗ ಬೇಕು. ಒಟ್ಟುಬಾಳಿನ ವರ್ಷಗಳಲ್ಲಿ ಈ ಜನ ಕಲಿತಿದ್ದು ಸರಿಯಾಗಿ ಇದನ್ನೇ. ಸಂಗಾತಿಗಳಿಗೆಂದು ಹಾಕಿದ್ದ ಉದ್ದನೆಯ ಊಟದ ಮೇಜಿನಲ್ಲಿ ಸಂಗಾತಿಗಳು ಎದ್ದುಹೋದ ಜಾಗಕ್ಕೆ ಅತಿಥಿಗಳು ಬಂದು ಕುಳಿತರು. ನಿಯಮಗಳಲ್ಲಿ ಹಲವು ಬಿದ್ದುಹೋದವು. ಮಾಂಸವೂ ಬಂತು, ಕಾಫಿಯೂ ಬಂತು. ನಿಯಮಗಳನ್ನು ನಡೆಸಲೆಂದು ಬೆಳೆಸಿಕೊಂಡಿದ್ದ ಕೈಗುಣ ಮಾತ್ರ ಬೀಳಲಿಲ್ಲ. ಕೃಷಿ ಸೋತದ್ದು ನಿಜ. ಆದರೆ ಆ ಹದಿಮೂರು ವರ್ಷಗಳ ಒಟ್ಟುಬಾಳು ವ್ಯರ್ಥವಾಯಿತೆಂದು ಹೇಳುವವರು ಅಡುಗೆಮನೆಯತ್ತ ನೋಡಿಲ್ಲ, ಮತ್ತು ಆ ಅಡುಗೆಮನೆಗಳಲ್ಲಿ ದುಡಿದ ಹೆಂಗಸರನ್ನು ನೋಡಿಲ್ಲ.

ಸುತ್ತಲಿನ ದೇಶಕಾಲವೂ ನೆರವಾಯಿತು. ರೆಜೆಂಡೆಯಲ್ಲಿ ಬ್ರೆಜಿಲ್‌ನ ಸೇನಾ ಅಕಾಡೆಮಿ 1944ರಲ್ಲಿ ನೆಲೆಗೊಂಡಿತು. ಅದೇ ಕಣಿವೆಯ ವೋಲ್ಟಾ ರೆಡೊಂಡಾದ ಉಕ್ಕಿನ ಕಾರ್ಖಾನೆ 1946ರಲ್ಲಿ ಕೆಲಸ ಆರಂಭಿಸಿತು. ಎರಡು ನಗರಗಳನ್ನು ಜೋಡಿಸುವ ಹೊಸ ಹೆದ್ದಾರಿ 1951ರಲ್ಲಿ ತೆರೆಯಿತು. ಬರುವವರ ದಾರಿ ಹತ್ತಿರವಾಯಿತು, ಕೈಯಲ್ಲಿ ಸಂಬಳವಿರುವ ಜನ ಹೆಚ್ಚಾದರು.

ಕಲ್ಲು, ನೀರು, ಹಬೆ

ಅತಿಥಿಗಳನ್ನು ಕರೆತಂದ ಸಂಗತಿಗಳಲ್ಲಿ ಸೌನಾದ ಪಾಲು ದೊಡ್ಡದು. ಬ್ರೆಜಿಲ್‌ನ ಮೊದಲ ಸೌನಾ ತಮ್ಮಲ್ಲೇ ಕಟ್ಟಿದ್ದು ಎಂಬ ಹೆಮ್ಮೆ ಪೆನೆಡೊದವರಿಗಿದೆ. ಫಿನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 55 ಲಕ್ಷ. ಅಲ್ಲಿರುವ ಸೌನಾಗಳು ಸುಮಾರು 30 ಲಕ್ಷ. ಹಳ್ಳಿಗಳಲ್ಲಿ ಮೊದಲು ಸೌನಾ ಕಟ್ಟಿ, ಅದರಲ್ಲೇ ವಾಸವಿದ್ದು, ಆಮೇಲೆ ಮನೆ ಕಟ್ಟುತ್ತಿದ್ದರು. ಹೆರಿಗೆ ಆಗುತ್ತಿದ್ದುದು ಅಲ್ಲಿ, ಸತ್ತವರ ಮೈ ತೊಳೆಯುತ್ತಿದ್ದುದೂ ಅಲ್ಲಿ. 2020ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಅದರ ಕೆಲಸದ ಬಗೆ ಸರಳ. ಮರದ ಹಲಗೆಯ ಸಣ್ಣ ಕೋಣೆಯ ಮೂಲೆಯಲ್ಲಿ ಒಂದು ಒಲೆ, ಒಲೆಯ ಮೇಲೆ ಕಲ್ಲುಗಳ ರಾಶಿ. ಸೌದೆ ಉರಿಸಿ ಕಲ್ಲುಗಳನ್ನು ಗಂಟೆಗಟ್ಟಲೆ ಕಾಯಿಸುತ್ತಾರೆ. ಒಳಗಿನ ಗಾಳಿ 80 ಡಿಗ್ರಿ ದಾಟಿದ ಮೇಲೆ, ಮೆಟ್ಟಿಲಂತಿರುವ ಹಲಗೆಗಳ ಮೇಲೆ ಕುಳಿತು, ಉದ್ದ ಹಿಡಿಯ ಸೌಟಿನಿಂದ ಕಲ್ಲಿನ ಮೇಲೆ ನೀರು ಚೆಲ್ಲುತ್ತಾರೆ. ನೀರು ಸುಯ್ಯೆಂದು ಆವಿಯಾಗಿ ಮೇಲೆದ್ದು, ಚಾವಣಿಗೆ ತಾಗಿ, ಬೆನ್ನಿನ ಮೇಲೆ ಕಂಬಳಿಯಂತೆ ಇಳಿಯುತ್ತದೆ. ಆ ಹಬೆಗೆ ಫಿನ್ನಿಷ್‌ನಲ್ಲಿ ಲೊಯ್ಲು ಎನ್ನುತ್ತಾರೆ. ಆ ಪದದ ಹಳೆಯ ಅರ್ಥ ಉಸಿರು, ಪ್ರಾಣ. ಬೆವರು ಧಾರೆಯಾದ ಮೇಲೆ ಹೊರಗೆ ಓಡಿ ತಣ್ಣೀರಿಗೆ ಇಳಿಯುತ್ತಾರೆ. ಫಿನ್‌ಲ್ಯಾಂಡಿನಲ್ಲಿ ಅದು ಕೆರೆ, ಚಳಿಗಾಲದಲ್ಲಿ ಮಂಜುಗಡ್ಡೆ ಒಡೆದು ಮಾಡಿದ ಬಾವಿ. ಪೆನೆಡೊದಲ್ಲಿ ಆ ಜಾಗಕ್ಕೆ ಬೆಟ್ಟದಿಂದ ಇಳಿಯುವ ಹೊಳೆಯ ನೀರಿದೆ. ತಾಯ್ನಾಡಿನಲ್ಲಿ ಬರ್ಚ್ ಮರದ ಎಳೆಯ ಕೊಂಬೆಗಳ ಕಟ್ಟಿನಿಂದ ಮೈಗೆ ಹೊಡೆದುಕೊಳ್ಳುತ್ತಾರೆ. ಬರ್ಚ್ ಬೆಳೆಯದ ಬ್ರೆಜಿಲ್‌ನಲ್ಲಿ ಸೌನಾದ ಪರಿಮಳವೆಂದರೆ ನೀಲಗಿರಿ ಎಲೆಯದು. ಮಲೆನಾಡಿನ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಸಿ, ಅಭ್ಯಂಜನ ಮಾಡಿ, ಬಿಸಿನೀರು ಹುಯ್ದುಕೊಂಡು ಬೆಳೆದವರಿಗೆ ಇದರ ಸುಖವನ್ನು ವಿವರಿಸಿ ಹೇಳಬೇಕಿಲ್ಲ.

ಸೌನಾ ಉಳಿದದ್ದೇಕೆ, ಸಸ್ಯಾಹಾರ ಉಳಿಯಲಿಲ್ಲವೇಕೆ ಎಂಬ ಪ್ರಶ್ನೆ ಈ ಪ್ರಕರಣವನ್ನು ಓದುವಾಗಲೆಲ್ಲ ನನ್ನನ್ನು ಕಾಡಿದೆ. ಆಹಾರದ ನಿಯಮ ಊಸ್ಕಾಲ್ಲಿಯೊ ಅವರು ಕೊಟ್ಟದ್ದು. ಹಾಗಾಗಿ ಅವರ ಅಧಿಕಾರ ಇಳಿದಂತೆ ಅದೂ ಇಳಿಯಿತು. ಸೌನಾವನ್ನು ಯಾರೂ ಆಜ್ಞಾಪಿಸಿರಲಿಲ್ಲ. ಶನಿವಾರದ ಸಂಜೆ ಕಲ್ಲು ಕಾಯಿಸುವುದು ತಂದೆತಾಯಿ ಮಾಡುತ್ತಿದ್ದ ಕೆಲಸ, ಮೈ ಅದನ್ನು ಬೇಡುತ್ತಿತ್ತು, ಅಷ್ಟೆ. ಅವರ ಬೇಕರಿಯ ಪುಲ್ಲಾ ಎಂಬ ಸಿಹಿ ಬನ್ನಿನ ಮಾತೂ ಹೀಗೆಯೇ. ಜಡೆಯಂತೆ ಹೆಣೆದು ಸುಡುವ ಈ ಬನ್ನಿನ ಜೀವಾಳ ಜಜ್ಜಿದ ಏಲಕ್ಕಿ. ನಮ್ಮ ಪಶ್ಚಿಮಘಟ್ಟದ ಕಾಡಿನ ಏಲಕ್ಕಿ ಉತ್ತರ ಯೂರೋಪಿನ ತುದಿಯ ಅಡುಗೆಮನೆ ಸೇರಿ, ಅಲ್ಲಿಂದ ವಲಸೆಗಾರರ ನಾಲಿಗೆಯ ನೆನಪಾಗಿ ಮತ್ತೆ ಬಿಸಿನಾಡಿನ ಬೆಟ್ಟದೂರಿಗೆ ಇಳಿದಿದೆ.

ಭಾಷೆ, ಕ್ಲಬ್, ವಸ್ತುಸಂಗ್ರಹಾಲಯ

ಉಳಿಯದೆ ಹೋದದ್ದರ ಬಗ್ಗೆಯೂ ಹೇಳಬೇಕು. ಬ್ರೆಜಿಲ್‌ನ ಅಧ್ಯಕ್ಷ ಗೆಟುಲಿಯೊ ವಾರ್ಗಾಸ್ ಅವರ ಆಡಳಿತ 1938ರಿಂದ ವಲಸೆಗಾರರ ಶಾಲೆಗಳನ್ನು ರಾಷ್ಟ್ರೀಕರಣದ ಹೆಸರಿನಲ್ಲಿ ಬಿಗಿಮಾಡಿ, ಮಕ್ಕಳಿಗೆ ಪೋರ್ಚುಗೀಸಿನಲ್ಲೇ ಪಾಠವಾಗಬೇಕೆಂದು ವಿಧಿಸಿತು. ಅತ್ತ 1939ರಿಂದ ಫಿನ್‌ಲ್ಯಾಂಡ್ ಸೋವಿಯತ್ ಒಕ್ಕೂಟದೊಡನೆ ಯುದ್ಧದಲ್ಲಿ ಸಿಲುಕಿತು, ಇತ್ತ 1942ರಲ್ಲಿ ಬ್ರೆಜಿಲ್ ಮಿತ್ರಪಕ್ಷದ ಕಡೆಯಿಂದ ಯುದ್ಧಕ್ಕಿಳಿಯಿತು. ಹೊಸ ವಲಸಿಗರು ಬರುವುದು ನಿಂತಿತು. ಕೆಲವೇ ನೂರು ಜನರ ಭಾಷೆ, ಸುತ್ತ ಪೋರ್ಚುಗೀಸ್ ಸಮುದ್ರ. ಮೂರನೆಯ ತಲೆಮಾರಿಗೆ ಮನೆಮಾತು ಬದಲಾಗುವುದನ್ನು ತಡೆಯುವ ಶಕ್ತಿ ಯಾವ ಅತಿಥಿಗೃಹಕ್ಕೂ ಇರಲಿಲ್ಲ. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೆ ಈ ನೋವು ಚೆನ್ನಾಗಿ ಗೊತ್ತು.

ಎಸ್ಟೇಟು ಕೈಬಿಟ್ಟ ಮರುವರ್ಷ, 1943ರಲ್ಲಿ, ಊರಿನವರು ಫಿನ್‌ಲ್ಯಾಂಡ್ ಕ್ಲಬ್ ಕಟ್ಟಿಕೊಂಡರು. ಈ ಎರಡು ತಾರೀಖುಗಳು ಅಕ್ಕಪಕ್ಕದಲ್ಲಿರುವುದು ಅರ್ಥಪೂರ್ಣ ಎಂದು ನನಗನ್ನಿಸುತ್ತದೆ. ಭೂಮಿ ಒಟ್ಟಾಗಿ ಇಟ್ಟುಕೊಳ್ಳುವ ಬಂಧ ಹರಿದಾಗ, ಒಟ್ಟಾಗಿರಲು ಅವರು ಬೇರೊಂದು ಬಂಧವನ್ನು ಹೆಣೆದುಕೊಂಡರು. ಈ ಸಲ ಅದಕ್ಕೆ ಒಬ್ಬ ನಾಯಕನ ದರ್ಶನ ಬೇಕಾಗಿರಲಿಲ್ಲ. ಕೆನಡಾದ ಸೊಯಿಂತುಲಾದಲ್ಲೂ ಇಂಥದೇ ಒಂದು ತಿರುವು ಕಾಣುತ್ತದೆ. ಅಲ್ಲಿ 1903ರ ಜನವರಿಯ ಬೆಂಕಿಯಲ್ಲಿ 11 ಜನ ಸತ್ತು, ಸಾಲ ಏರಿ, ಆ ನೆಲೆಯನ್ನು ನಡೆಸುತ್ತಿದ್ದ ಕಂಪನಿ 1905ರಲ್ಲಿ ಮುಚ್ಚಿತು. ಉಳಿದವರು 1909ರಲ್ಲಿ ಒಂದು ಸಹಕಾರಿ ಅಂಗಡಿ ತೆರೆದರು; ಅದು ನೂರು ವರ್ಷ ದಾಟಿಯೂ ನಡೆಯಿತು. ಊಸ್ಕಾಲ್ಲಿಯೊ 1969ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪೆನೆಡೊ ತನ್ನ ಸ್ಥಾಪಕರನ್ನು ಗೌರವಿಸುವ, ಆದರೆ ಅವರ ನಿಯಮಗಳನ್ನು ಪಾಲಿಸದ ಊರಾಗಿತ್ತು. ಕ್ಲಬ್ಬಿನ ಜೊತೆಗೆ ಇರುವ ಫಿನ್ನಿಷ್ ವಸ್ತುಸಂಗ್ರಹಾಲಯಕ್ಕೆ ಅದನ್ನು ಕಟ್ಟಿ ಬೆಳೆಸಿದ ಏವಾ ಹಿಲ್ಡೆನ್ ಅವರ ಹೆಸರೇ ಇದೆ. ವಲಸೆ ಬಂದವರು ತಂದ ಉಡುಪು, ಮನೆಬಳಕೆಯ ವಸ್ತು, ಕಾಗದಪತ್ರ, ಛಾಯಾಚಿತ್ರಗಳನ್ನು ಅವರು ಸೇರಿಸಿಟ್ಟರು. ಮನೆಮನೆಯ ಅಟ್ಟದಲ್ಲಿ ಗೆದ್ದಲು ಹಿಡಿಯಬಹುದಾಗಿದ್ದ ನೆನಪುಗಳು ಹೀಗೆ ಸಾರ್ವಜನಿಕ ದಾಖಲೆಯಾದವು.

ಸಾಂತಾನ ಮನೆ

ಪೆನೆಡೊ ಇಂದು ಇಟಾಟಿಯಾಯಾ ಪುರಸಭೆಗೆ ಸೇರಿದೆ. 1988ರಲ್ಲಿ ರೆಜೆಂಡೆಯಿಂದ ಬೇರ್ಪಟ್ಟು ಇಟಾಟಿಯಾಯಾ ರೂಪುಗೊಂಡಿತು. ವಾರಾಂತ್ಯಕ್ಕೆ ಬರುವವರಿಗೆ ಮೊದಲು ಎದುರಾಗುವುದು "ಪುಟ್ಟ ಫಿನ್‌ಲ್ಯಾಂಡ್" ಎಂಬ ಅಂಗಡಿಗಳ ಸಮುಚ್ಚಯ: ಬಣ್ಣದ ಮರದ ಮನೆಗಳಂತೆ ಕಟ್ಟಿದ ಮಳಿಗೆಗಳು, ಚಾಕೊಲೇಟ್, ಐಸ್‌ಕ್ರೀಂ, ಊಟಕ್ಕೆ ಬೆಟ್ಟದ ತಣ್ಣೀರಿನಲ್ಲಿ ಸಾಕಿದ ಟ್ರೌಟ್ ಮೀನು, ಮತ್ತು ವರ್ಷವಿಡೀ ತೆರೆದಿರುವ ಸಾಂತಾಕ್ಲಾಸನ ಮನೆ. ಈ ನೆಲದಲ್ಲಿ ಕ್ರಿಸ್‌ಮಸ್ ಬರುವುದು ಕಡುಬೇಸಿಗೆಯಲ್ಲಿ.

ಸಾಂತಾ ಫಿನ್‌ಲ್ಯಾಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ಕೊರ್ವತುಂತುರಿ ಬೆಟ್ಟದಲ್ಲಿ ವಾಸಿಸುತ್ತಾನೆ ಎಂಬ ಮಾತು ಪ್ರಚಾರಕ್ಕೆ ಬಂದದ್ದು 1927ರಲ್ಲಿ, ಫಿನ್ನಿಷ್ ರೇಡಿಯೊದಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಮಾರ್ಕುಸ್ ರೌತಿಯೊ ಅದನ್ನು ಹೇಳಿದ ಮೇಲೆ. ಊಸ್ಕಾಲ್ಲಿಯೊ ದೇಶ ಬಿಟ್ಟದ್ದೂ ಅದೇ ವರ್ಷ. ಎಂದರೆ ಇಂದು ಪೆನೆಡೊದ ಮುಖವಾಗಿರುವ ಸಾಂತಾ ಸ್ಥಾಪಕರ ಪೆಟ್ಟಿಗೆಯಲ್ಲಿ ಬಂದವನಲ್ಲ. ಹೀಗೆಂದು ಅವನನ್ನು ಸುಳ್ಳು ಪರಂಪರೆ ಎಂದು ತಳ್ಳಿಹಾಕಬಹುದೇ? ಮೊದಲು ನಾನು ಹಾಗೆಯೇ ಯೋಚಿಸಿದ್ದೆ. ಆದರೆ ಕ್ಲಬ್ಬಿನ ಶನಿವಾರದ ಕುಣಿತವನ್ನು ಗಮನಿಸಿದಾಗ ಆ ಅಳತೆಗೋಲು ನಿಲ್ಲುವುದಿಲ್ಲ. ಅಲ್ಲಿ ಪೋಲ್ಕಾ, ಯೆಂಕ್ಕಾಗಳ ಜೊತೆಗೆ ಕುಣಿಯುವ ಲೆತ್ಕಾಯೆಂಕ್ಕಾ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಸ್ಥಾಪಕರು ಹಡಗು ಹತ್ತಿ ಮೂರು ದಶಕ ಕಳೆದ ಮೇಲೆ. ಅದೂ ತಡವಾಗಿಯೇ ಬಂದದ್ದು. ಆದರೂ ಅದನ್ನು ಊರಿನದಲ್ಲ ಎನ್ನಲು ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅದನ್ನು ಕಲಿತವರು, ಮಕ್ಕಳಿಗೆ ಕಲಿಸಿದವರು, ಅತಿಥಿಗಳ ಕೈಹಿಡಿದು ಎಳೆದು ಸೇರಿಸಿಕೊಂಡವರು ವಲಸೆ ಬಂದವರ ಮನೆಯವರೇ.

ಸಾಂತಾನ ಮನೆಗೆ ಬಂದ ಮಗು ಒಂದು ಛಾಯಾಚಿತ್ರ ತೆಗೆಸಿಕೊಂಡು ಹೋಗುತ್ತದೆ. ಅದರಿಂದ ಊರಿನ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ, ಆ ಅನ್ನವನ್ನು ನಾನು ಹಗುರಾಗಿ ಕಾಣಲಾರೆ. ಆದರೆ ಊರಿನ ಆಡಳಿತದ ಮುಂದೆ ದುಡ್ಡಿನ ಆಯ್ಕೆ ಬಂದಾಗ ಮತ್ತೊಂದು ಬಣ್ಣದ ಮಳಿಗೆಗಿಂತ ಮೊದಲು ವಸ್ತುಸಂಗ್ರಹಾಲಯದ ಮಾಡು ಮತ್ತು ಕ್ಲಬ್ಬಿನ ಮರದ ನೆಲ ನೆನಪಾಗಬೇಕು. ಲೆತ್ಕಾಯೆಂಕ್ಕಾ ಕುಣಿಯಲು ಫಿನ್ನಿಷ್ ಬರಬೇಕಿಲ್ಲ. ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಲ್ಲಬೇಕು. ಎಡಗಾಲನ್ನು ಎರಡು ಸಲ ಹೊರಕ್ಕೆ ಚಾಚಬೇಕು, ಬಲಗಾಲನ್ನು ಎರಡು ಸಲ. ಮುಂದಕ್ಕೊಂದು ನೆಗೆತ, ಹಿಂದಕ್ಕೊಂದು, ಮತ್ತೆ ಮುಂದಕ್ಕೆ ಮೂರು. ತಪ್ಪಿದರೆ ಹಿಂದಿನವರ ಮೊಣಕಾಲು ತಾಗಿ ಸರಿಪಡಿಸುತ್ತದೆ. ಎರಡನೆಯ ಸುತ್ತಿಗೆ ರಿಯೊದಿಂದ ಬಂದವರಿಗೂ ಹೆಜ್ಜೆ ಹಿಡಿಯುತ್ತದೆ.